ಸಿಂಗಾಪುರದಿಂದ ಬಂದ ಆಮೆಗಳು

ಅರಣ್ಯ ಕಚೇರಿಯ ಸಾಹೇಬರ ಫೋನಿನ ಮಾತನ್ನು ಬಾಗಿಲ ಹೊರಗೆ ನಿಂತು ಅರ್ಧ ಕೇಳಿಸಿಕೊಂಡ ಜವಾನ ಮಲಂಗಸಾಬ, ಸೈಕಲ್ ತುಳಿದು ನೇರ ವಾಮನನ ಬಾಡಿಗೆ ಖೋಲಿಗೆ ಬಂದ.

"ನಿಮ್ಮ ನಸೀಬ ತೆರೀತ್ರಿ! 'ಪರವೂರಾಗ ಭಾಳ ದಿನ ಆತು, ಇನ್ನ ತಮ್ಮೂರಿಗಿ ಹೋಗ್ಲಿ' ಅಂದ್ರು ಸಾಹೇಬ್ರು. ನಿಮ್ಮ ಹೆಸರೂ ತಗೊಂಡ್ರು!"

ವಾಮನ ಅಫಜಲಪುರದಲ್ಲಿ ಫಾರೆಸ್ಟ್ ಗಾರ್ಡ್. ಹೆಂಡತಿ ಪ್ರಮಿಲಾ ಅವನ ಸ್ವಂತ ಊರು ರಾಯಚೂರಿನಲ್ಲಿ ಶಾಲಾ ಶಿಕ್ಷಕಿ. ಮದುವೆಯಾಗಿ ಮೂರು ವರ್ಷವಾದರೂ ಅವರ ಸಂಸಾರವೆಲ್ಲ ಹಬ್ಬದ ರಜೆಯಲ್ಲೇ. ವರ್ಗಾವಣೆಗೆ ಅರ್ಜಿ ಬರೆದು ಬರೆದು ಅವನ ಅಕ್ಷರ ದುಂಡಗಾಗಿತ್ತು.

ಹೋದ ವರ್ಷ ಅವನು ಚೌಡಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನ ಗಂಟು ಬಿಚ್ಚಿಸಿದ್ದ. ಒಳಗೆ ಕದ್ದು ಸಾಗಿಸುತ್ತಿದ್ದ ನಕ್ಷತ್ರ ಆಮೆಗಳು. ಸಿಕ್ಕವನ ಬಾಯಿಂದ ಸಿಂಗಾಪುರದ ವಿಳಾಸ ಹೊರಬಿತ್ತು. ಇಲ್ಲಿಯ ಸರ್ಕಾರ ಕಾಗದ ಬರೆಯಿತು, ಅಲ್ಲಿಯ ಪೊಲೀಸರು ಗೋದಾಮಿಗೆ ನುಗ್ಗಿದರು. ಅದರ ಇನಾಮೇ ಈ ವರ್ಗಾವಣೆ ಎಂದುಕೊಂಡ ವಾಮನ.

ಮನೆಯೊಡತಿ ಸಾಬವ್ವ ತಡಮಾಡಲಿಲ್ಲ. "ಸ್ಟೋವ್ ಒಯ್ದು ಏನ್ ಮಾಡ್ತೀಯೋ ತಮ್ಮಾ? ಅಲ್ಲಿ ನಿನ್ನ ಹೇಣ್ತಿ ಬಲ್ಲಿ ಇರ್ತದ" ಎಂದು ಸ್ಟೋವನ್ನೂ ಮಂಚವನ್ನೂ ಒಳಗೆ ಸಾಗಿಸಿದಳು. ಮಧ್ಯಾಹ್ನದೊಳಗೆ ಖೋಲಿಯನ್ನು ಬೇರೊಬ್ಬರಿಗೆ ಬಾಡಿಗೆಗೂ ಕೊಟ್ಟಳು. ವಾಮನನಿಗೆ ಸಿಟ್ಟೂ ಬರಲಿಲ್ಲ. ಅಂಚೆ ಕಚೇರಿಯಿಂದ ಪ್ರಮಿಲಾಳ ಶಾಲೆಗೆ ಟ್ರಂಕ್ ಕಾಲ್ ಹಚ್ಚಿದ.

"ಖರೇನ್ರಿ?" ಎಂದು ಎರಡು ಸಲ ಕೇಳಿದಳು ಪ್ರಮಿಲಾ. ಆಮೇಲೆ ಮೆಲ್ಲಗೆ, "ಸಂಜೀಕ ನಾನೇ ಸ್ಟ್ಯಾಂಡಿಗಿ ಬಂದು ನಿಂದರ್ತೇನ್ರಿ" ಎಂದಳು.

ಟ್ರಂಕು ಹೊತ್ತು, ಆದೇಶ ಕೈಗೆ ತೆಗೆದುಕೊಳ್ಳಲು ವಾಮನ ಕಚೇರಿಗೆ ಹೋದ. ಅಂಗಳದಲ್ಲಿ ಜೀಪು ನಿಂತಿತ್ತು. ಅದರೊಳಗೆ ತೂತು ಕೊರೆದ ಕಟ್ಟಿಗೆಯ ಪೆಟ್ಟಿಗೆಗಳು.

"ಬಾರಪ್ಪಾ ವಾಮನ!" ಸಾಹೇಬರು ಹಿಗ್ಗಿನಿಂದ ಕರೆದರು. "ಎರಡು ದೇಶ ಮಾತಾಡಿ, ನಿನ್ನಿಂದ ಸಿಂಗಾಪುರದ ಗೋದಾಮಿನಾಗ ಸಿಕ್ಕ ಆಮೀ ವಿಮಾನದಾಗ ವಾಪಸ್ ಕಳಿಸ್ಯಾವ ನೋಡು. ಪರವೂರಾಗ ಸೊರಗಿದ್ವು, ತಮ್ಮೂರಿಗಿ ಬಂದ್ವು."

"ಮತ್ತ... ನನ್ನ ವರ್ಗಾವಣಿ ಸಾಹೇಬ್ರ?"

"ಯಾವ ವರ್ಗಾವಣಿ? ಇವಕ್ಕ ಇಲ್ಲಿ ಅಡವ್ಯಾಗ ಹೊಂದಿಕಿ ಆಗೂತನಕ ವರ್ಷಗಟ್ಟಲೆ ನೋಡಿಕೋಬೇಕು. ನಿನ್ನ ಬಿಟ್ರ ಯಾರಿಗಿ ತಿಳೀತದ? ನಿನ್ನ ಹೆಸರ ದಿಲ್ಲಿತನಕ ಹೋಗ್ಯಾದ. ಇನ್ನ ರಜಾನೂ ಕೇಳಬ್ಯಾಡ!"

ಮಲಂಗಸಾಬ ಜೀಪಿನ ಹಿಂದೆ ಮರೆಯಾದ. ವಾಮನ ಶಾಲೆಗೆ ಮತ್ತೆ ಫೋನ್ ಹಚ್ಚಿದ. ಅಲ್ಲಿ ಫೋನಿನ ಗಂಟೆ ಬಡಿಯಿತು, ಬಡಿಯಿತು, ಯಾರೂ ಎತ್ತಲಿಲ್ಲ. ಶಾಲೆ ಬಿಟ್ಟಿತ್ತು. ಪ್ರಮಿಲಾ ಸ್ಟ್ಯಾಂಡಿನ ದಾರಿ ಹಿಡಿದಿರಬೇಕು.

ಹೊರಗೆ ಬಂದು ಪೆಟ್ಟಿಗೆ ತೆರೆದ. ಒಂದು ಆಮೆ ಕುತ್ತಿಗೆ ಚಾಚಿ ಕರಿಮಣ್ಣು ಮೂಸಿ, ಯಾರನ್ನೂ ಕೇಳದೆ ಬೇಲಿಯ ಕಡೆ ನಡೆಯತೊಡಗಿತು. ವಾಮನ ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ.

"ಅಲ್ಲಿ ನಿನಗ ನಿದ್ದಿ ಹತ್ತತಿತ್ತೇನಲೇ?" ಎಂದು ಮೆಲ್ಲಗೆ ಕೇಳಿದ.