ಊರಿಗೆಲ್ಲ ಶ್ರುತಿ ಕೊಟ್ಟ ರೆಕಾರ್ಡ್ ಪ್ಲೇಯರಿಗೆ ಒಂದು ದೂರು

ಪೆಲ್ಟನ್ ಮಿಲ್ಸ್, ಓಹಾಯೊ

ಮಾನ್ಯ ರೆಕಾರ್ಡ್ ಪ್ಲೇಯರ್ ಅವರಿಗೆ,
(ಹಿಂದೆ ಊರಿನ ರೇಡಿಯೊ ಕೇಂದ್ರದಲ್ಲಿ ಸೇವೆ, ಸದ್ಯ ಸಾರ್ವಜನಿಕ ಗ್ರಂಥಾಲಯದ ಗಾಜಿನ ಪೆಟ್ಟಿಗೆಯಲ್ಲಿ ವಿಶ್ರಾಂತಿ)

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದೂ, ಗಾಜಿನೊಳಗೆ ಧೂಳು ಕೂಡ ತಮ್ಮ ಅನುಮತಿ ಪಡೆದೇ ಕೂರುತ್ತಿದೆಯೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಹೆಸರು ಡೋರೀನ್ ಕುಬಿಯಾಕ್, ವಯಸ್ಸು ಅರವತ್ಮೂರು. ಮೂವತ್ತೊಂದು ವರ್ಷ ಈ ಊರಿನ ಶಾಲಾ ಬಸ್ಸು ಓಡಿಸಿ ಈಗ ಮನೆಯಲ್ಲಿದ್ದೇನೆ. ತಾವು ನನ್ನನ್ನು ಕಂಡವರಲ್ಲ, ಆದರೆ ನನಗೆ ಗಿಟಾರ್ ಕಲಿಸಿದ ಗುರುಗಳು ತಾವೇ ಆದ್ದರಿಂದ, ಗುರುಗಳಿಗೆ ಸಲ್ಲಬೇಕಾದ ಎಲ್ಲ ಮರ್ಯಾದೆಯೊಂದಿಗೆ ತಮ್ಮ ಮೇಲೆ ಒಂದು ದೂರು ಹೇಳಿಕೊಳ್ಳಲು ಅಪ್ಪಣೆ ಬೇಡುತ್ತೇನೆ. ತಮಗೆ ಓದಲು ಬಾರದೆಂಬ ವದಂತಿ ಊರಿನಲ್ಲಿ ಹಬ್ಬಿರುವುದರಿಂದ ಒಂದು ಪ್ರತಿಯನ್ನು ನಮ್ಮ ವಾರಪತ್ರಿಕೆಗೂ ಕಳಿಸಿದ್ದೇನೆ.

ತಮಗೆ ಆ ಶನಿವಾರದ ಮಧ್ಯಾಹ್ನಗಳು ನೆನಪಿರಬಹುದು. ಸರಿಯಾಗಿ ಎರಡು ಗಂಟೆಗೆ ಬಡ್ ಹ್ಯಾನ್ಲನ್ ಎಂಬ ನಿರೂಪಕರು ಕೆಮ್ಮಿ, "ಹುಡುಗ್ರಾ, ತಂತಿ ಬಿಗಿ ಮಾಡ್ಕೊಳ್ಳಿ" ಎಂದು ತಮ್ಮ ಮೇಲೆ ಐರನ್ ಪೆಲಿಕನ್ ತಂಡದ ಅದೇ ರೆಕಾರ್ಡನ್ನು ಇಡುತ್ತಿದ್ದರು. ಹಾಡಿದ್ದೇ ಹಾಡೋ ಕಿಸ್ಬಾಯಿ ದಾಸ ಎಂದು ನನ್ನಪ್ಪ ರೇಗುತ್ತಿದ್ದರೂ ನಮಗೆ ಬೇಕಾಗಿದ್ದು ಅದೇ. ಆ ಹಾಡಿನ ಆರಂಭದಲ್ಲಿ ಒಂದೇ ತಂತಿಯನ್ನು ಮೀಟಿ, ಅದು ಸಾಯುವವರೆಗೂ ಬಿಡುವ ಜಾಗವೊಂದಿದೆ. ನಾಲ್ಕು ಸಾವಿರ ಜನರ ಈ ಊರಿನಲ್ಲಿ ಗಿಟಾರ್ ಇದ್ದ ಪ್ರತಿ ಮನೆಯಲ್ಲೂ ಆ ಕ್ಷಣಕ್ಕೆ ಯಾರೋ ಒಬ್ಬರು ತೊಡೆಯ ಮೇಲೆ ಗಿಟಾರ್ ಇಟ್ಟುಕೊಂಡು, ಬಿರಡೆ ತಿರುಗಿಸುತ್ತ, ಆ ನಾದಕ್ಕೆ ತಮ್ಮ ತಂತಿಯನ್ನು ಕೂಡಿಸಿಕೊಳ್ಳುತ್ತಿದ್ದರು. ನಾನು ಮತ್ತು ನನ್ನ ಅಣ್ಣ ಲಿಯಾನ್ ಅಡುಗೆಮನೆಯ ಮೇಜಿನ ಎರಡು ಬದಿಗೆ ಕೂತು, ಉಸಿರು ಬಿಗಿಹಿಡಿದು ಅದನ್ನೇ ಮಾಡುತ್ತಿದ್ದೆವು. ಹೀಗೆ ತಾವು ಊರಿಗೆ ಊರನ್ನೇ ವಾರಕ್ಕೊಮ್ಮೆ ಶ್ರುತಿ ಮಾಡಿಸುತ್ತಿದ್ದಿರಿ, ಅದಕ್ಕೆ ಪ್ರತಿಯಾಗಿ ಒಂದು ಲೋಟ ನೀರನ್ನೂ ಕೇಳಿದವರಲ್ಲ.

ಆದರೆ ತಮ್ಮ ಮೋಟಾರಿನ ಕಡ್ಡಿಗೆ ಯಾರೋ ಒಂದು ಬೆರಳುದ್ದದ ಟೇಪು ಸುತ್ತಿದ್ದರೆಂಬ ಸಂಗತಿಯನ್ನು ತಾವು ನಮಗೆ ಹೇಳಲಿಲ್ಲ. ಕಡ್ಡಿ ದಪ್ಪವಾದಷ್ಟೂ ತಟ್ಟೆ ಬೇಗ ತಿರುಗುತ್ತದೆ, ಹಾಡು ಬೇಗ ಮುಗಿಯುತ್ತದೆ, ಗಂಟೆಗೆ ಇನ್ನೂ ಮೂರು ಜಾಹೀರಾತು ತುರುಕಬಹುದು. ಟ್ರ್ಯಾಕ್ಟರ್ ಅಂಗಡಿಯವರಿಗೂ ಹಾಸಿಗೆ ಮಾರುವವರಿಗೂ ಜಾಗ ಕೊಟ್ಟ ತಮ್ಮ ಔದಾರ್ಯವನ್ನು ನಾನು ಹಳಿಯುವುದಿಲ್ಲ. ಆದರೆ ತಟ್ಟೆ ಬೇಗ ತಿರುಗಿದರೆ ಶ್ರುತಿಯೂ ಏರುತ್ತದೆ, ಮಾನ್ಯರೇ. ಅದೂ ಒಂದು ಸ್ವರ ಪೂರ್ತಿ ಏರಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದೆವು. ತಾವು ನಮ್ಮನ್ನು ಕರೆದೊಯ್ದು ನಿಲ್ಲಿಸಿದ್ದು ಪಿಯಾನೊದ ಅಕ್ಕಪಕ್ಕದ ಎರಡು ಸ್ವರದ ಮನೆಗಳ ನಡುವಿನ ಸಂದಿಯಲ್ಲಿ.

ಪರಿಣಾಮಗಳನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ನಮ್ಮ ಗಿಟಾರುಗಳಿಗೂ ಮೆಥಡಿಸ್ಟ್ ಚರ್ಚಿನ ಪಿಯಾನೊಗೂ ಹೊಂದಿಕೆಯಾಗದಿದ್ದಾಗ, ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾವು ಪಿಯಾನೊವನ್ನೇ ದೂರಿದೆವು. ಪಾದ್ರಿಗಳು ನಂಬಿ ಟೊಲಿಡೊದಿಂದ ಪಿಯಾನೊ ಸರಿಮಾಡುವವನನ್ನು ಮೂರು ಸಲ ಕರೆಸಿದರು, ಮೂರನೆಯ ಸಲ ಅವನು ಅಳುವುದೊಂದು ಬಾಕಿ. ಅಂಗಡಿಯಿಂದ ಅದೇ ರೆಕಾರ್ಡ್ ಕೊಂಡು ತಂದವರಿಗೆ ಮನೆಯಲ್ಲಿ ಹಾಡು ತೂಕಡಿಸಿದಂತೆ ಕೇಳುತ್ತಿತ್ತು, ಅಷ್ಟೂ ಜನ ತಮ್ಮ ಮನೆಯ ಯಂತ್ರ ಕೆಟ್ಟಿದೆ ಎಂದು ರಿಪೇರಿಗೆ ಹೊತ್ತೊಯ್ದರು, ರಿಪೇರಿಯವನು ಒಂದೊಂದನ್ನೂ ರೇಡಿಯೊಗೆ ಸಮನಾಗುವವರೆಗೆ ಓಡುವಂತೆ ಮಾಡಿ ಮರಳಿಸಿದ. ನಮ್ಮ ಸ್ಟ್ಯಾನ್ ಮಾವನ ಅಕಾರ್ಡಿಯನ್ನಿಗೆ ಬಿರಡೆಯೂ ಇಲ್ಲ, ಏರಿಸುವ ದಾರಿಯೂ ಇಲ್ಲ. ಆದ್ದರಿಂದ ಪೋಲಿಷ್ ಕ್ಲಬ್ಬಿನ ಮದುವೆಗಳಲ್ಲಿ ಮೊದಲು ಅವನ ಪೋಲ್ಕಾ ಕುಣಿತದ ಹಾಡು, ಆಮೇಲೆ ಊಟ, ಅದಾದ ಮೇಲೆ ನಮ್ಮ ಗಿಟಾರು ಎಂಬ ಪದ್ಧತಿಯೇ ಹುಟ್ಟಿತು. ನಡುವೆ ಪಿಯೆರೋಗಿ ಕಡುಬು, ಸಾಸೇಜು ತಿಂದರೆ ಕಿವಿ ಹಿಂದಿನದನ್ನು ಮರೆಯುತ್ತದೆ ಎಂದು ಎಲ್ಲರಿಗೂ ಅನುಭವದಿಂದ ಗೊತ್ತಿತ್ತು. ಇಂದಿಗೂ ಈ ಊರಿನಲ್ಲಿ ಊಟವಾಗದೆ ಗಿಟಾರ್ ಎತ್ತುವವರಿಲ್ಲ, ಕಾರಣ ಮಾತ್ರ ಯಾರಿಗೂ ನೆನಪಿಲ್ಲ.

ಇಷ್ಟೇ ಆಗಿದ್ದರೆ ನಾನು ಕಾಗದ ಖರ್ಚು ಮಾಡುತ್ತಿರಲಿಲ್ಲ. ತಾವು ನನ್ನ ಅಣ್ಣನನ್ನು ನನ್ನಿಂದ ದೂರ ಮಾಡಿದಿರಿ.

ಲಿಯಾನ್ ಗಿಟಾರ್ ರಿಪೇರಿ ಕಲಿಯಲು ಕ್ಲೀವ್‌ಲ್ಯಾಂಡಿಗೆ ಹೋದ. ಮೂರು ವರ್ಷದ ಮೇಲೆ, ಎಂಬತ್ತೊಂಬತ್ತರ ಆಗಸ್ಟಿನಲ್ಲಿ, ನಮ್ಮ ಕೌಂಟಿ ಜಾತ್ರೆಗೆ ಸಾಕ್ಷಾತ್ ಐರನ್ ಪೆಲಿಕನ್ ತಂಡವೇ ಬರುವುದೆಂದೂ, ಅವರಿಗಿಂತ ಮೊದಲು ಕುಬಿಯಾಕ್ ಅಣ್ಣ ತಂಗಿ ನುಡಿಸಬೇಕೆಂದೂ ನಿಶ್ಚಯವಾಯಿತು. ಅವನ ಕಾರು ದಾರಿಯಲ್ಲಿ ಕೆಟ್ಟು, ವೇದಿಕೆ ಹತ್ತಲು ಐದು ನಿಮಿಷವಿದ್ದಾಗ ಬಂದ. ಅವನ ಹತ್ತಿರ ಬೆಂಕಿಪೊಟ್ಟಣದಷ್ಟು ಗಾತ್ರದ, ಮುಳ್ಳು ಆಡುವ ಶ್ರುತಿ ಯಂತ್ರವಿತ್ತು. ಅವನು ಅದರ ಪ್ರಕಾರ ಶ್ರುತಿ ಮಾಡಿಕೊಂಡಿದ್ದ. ನಾನು ತಮ್ಮ ಪ್ರಕಾರ ಮಾಡಿಕೊಂಡಿದ್ದೆ. ನಮ್ಮದೇ ಹಾಡು, ಎರಡೂ ಗಿಟಾರು ಒಟ್ಟಿಗೆ ಶುರುವಾಗಬೇಕಾದದ್ದು, ಶುರುವಾಯಿತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಹಂದಿಗಳ ಸ್ಪರ್ಧೆಯ ಕಡೆಯಿಂದಲೂ ಜನ ತಿರುಗಿ ನೋಡಿದರು.

ಅವನು ಮೈಕ್ ಇದೆ ಎಂಬುದನ್ನು ಮರೆತು, "ಡೋರೀನ್, ನಿಂದು ಶ್ರುತಿ ಸರಿ ಇಲ್ಲ ಕಣೇ" ಎಂದ. ನಾನು ಮೈಕ್ ಇದೆ ಎಂಬುದನ್ನು ಚೆನ್ನಾಗಿ ನೆನಪಿಟ್ಟುಕೊಂಡೇ, "ಮೂರು ವರ್ಷ ಊರು ಬಿಟ್ಟಿದ್ದಕ್ಕೆ ಕಿವಿನೂ ಅಲ್ಲೇ ಬಿಟ್ಟು ಬಂದಿದೀಯಾ?" ಎಂದೆ. ಊರಿನ ಎರಡು ಸಾವಿರ ಕಿವಿಗಳು, ಎಲ್ಲವೂ ತಮ್ಮ ಶಿಷ್ಯರೇ, ನನ್ನ ಪರವಾಗಿ ಹೋ ಎಂದವು. ಅಣ್ಣ ತಂತಿಯ ಮೇಲೆ ಕೈಯಿಟ್ಟು ನಾದ ನಿಲ್ಲಿಸಿದ, ವೈರು ಕಿತ್ತ, ಇಳಿದು ಹೋದ. ಆಮೇಲೆ ಪೆಲಿಕನ್ ತಂಡದವರು ಬಂದು ತಮ್ಮದೇ ಹಾಡನ್ನು ನುಡಿಸಿದಾಗ, ಮುಂದಿನ ಸಾಲಿನ ಹೆಂಗಸೊಬ್ಬಳು, "ಪಾಪ, ಇವರಿಗೂ ವಯಸ್ಸಾಯ್ತು, ಶ್ರುತಿ ಕೆಳಗೆ ಇಳಿದುಬಿಟ್ಟಿದೆ" ಎಂದು ಮರುಗಿದಳು. ಹಾಡು ಕಟ್ಟಿದವರೇ ಹಾಡಿಗೆ ತಪ್ಪಿದ್ದಾರೆ ಎಂದು ಇಡೀ ಊರು ಒಪ್ಪಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ ತಯಾರು ಮಾಡಿದ ಬೇರೆ ಸಂಸ್ಥೆಯನ್ನು ನಾನು ಕಾಣೆ.

ಅಂದಿನಿಂದ ಮೂವತ್ತನಾಲ್ಕು ವರ್ಷ ನಾವು ಒಟ್ಟಿಗೆ ನುಡಿಸಲಿಲ್ಲ. ಕ್ರಿಸ್‌ಮಸ್ಸಿಗೆ ಕಾರ್ಡು ಬರುತ್ತಿತ್ತು, ಹೋಗುತ್ತಿತ್ತು. ಫೋನಿನಲ್ಲಿ ಹಿಮ ಎಷ್ಟು ಬಿತ್ತು ಎಂಬ ಬಗ್ಗೆ ಮಾತ್ರ ಮಾತಾಡಿದೆವು, ಬೇಸಿಗೆಯಲ್ಲಿ ಅದಕ್ಕೂ ಕಷ್ಟ. ಅಪ್ಪ ತೀರಿಕೊಂಡಾಗ ಅವನು ಗಿಟಾರ್ ತರದೆ ಬಂದ, ನಾನು ನನ್ನದನ್ನು ಪೆಟ್ಟಿಗೆಯಿಂದ ತೆಗೆಯಲಿಲ್ಲ, ಅಪ್ಪನಿಗೆ ಹಾಡಿಲ್ಲದೆ ಮಣ್ಣಾಯಿತು. ನನಗೆ ಅವನ ಮೇಲೆ ತುಂಬ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಅವನಿಲ್ಲದೆ ಮನಸ್ಸು ಬಿಕೋ ಎನ್ನುತ್ತಿತ್ತು. ಬಸ್ಸಿನ ಸ್ಟಿಯರಿಂಗಿನ ಮೇಲೆ ನನ್ನ ಎಡಗೈ ಬೆರಳುಗಳು ನಮ್ಮ ಹಾಡಿನಲ್ಲಿ ಅವನು ನುಡಿಸುತ್ತಿದ್ದ ಪಾಲನ್ನೇ ಒತ್ತುತ್ತಿದ್ದವು.

ಈ ವರ್ಷ ಅಮ್ಮನಿಗೆ ತೊಂಬತ್ತು ತುಂಬುವುದಿತ್ತು. ಅಮ್ಮ ಎಂದರೆ ವಾರಕ್ಕೆ ಎರಡು ಸಲ ಬಿಂಗೊ ಆಡಿ ನೆರೆಹೊರೆಯವರನ್ನು ಸೋಲಿಸುವ ಹೆಂಗಸು, ಬೇಡಿಕೊಳ್ಳುವ ಅಭ್ಯಾಸವಿಲ್ಲ. ನನಗೂ ಅವನಿಗೂ ಬೇರೆ ಬೇರೆ ಫೋನು ಮಾಡಿ ಒಂದೇ ಮಾತು ಹೇಳಿದಳು: "ಕೇಕು ಬೇಡ, ಬಲೂನು ಬೇಡ. ನೀವಿಬ್ರೂ ಕೂತು ಒಂದು ಹಾಡು ನುಡಿಸಿ. ನೂರನೇದಕ್ಕೆ ನುಡಿಸ್ತೀವಿ ಅನ್ಬೇಡಿ, ನಾನು ಕಾಯಲ್ಲ."

ಆ ಹುಟ್ಟುಹಬ್ಬಕ್ಕೆ ಎರಡು ವಾರ ಮೊದಲು ಗ್ರಂಥಾಲಯದಲ್ಲಿ ತಮ್ಮನ್ನು ಒರೆಸಿ ಇಡುತ್ತಿದ್ದ ನಾರ್ಮ್ ಹಾಲ್ಸ್ಟೆಡ್, ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ ನಿವೃತ್ತ ಮೇಷ್ಟ್ರು, ನನ್ನನ್ನು ಕರೆದು, "ಡೋರೀನ್, ಇಲ್ನೋಡು, ಯಾರೋ ಇದರ ಕಾಲಿಗೆ ಬ್ಯಾಂಡೇಜ್ ಕಟ್ಟಿದಾರೆ" ಎಂದರು. ಟೇಪು ಬಿಚ್ಚಿ ಪೆಲಿಕನ್ ರೆಕಾರ್ಡ್ ಹಾಕಿದರು. ಆ ಮೊದಲ ತಂತಿಯ ನಾದ ಬಂತು, ಕೆಳಗೆ, ಲಿಯಾನನ ಗಿಟಾರು ಅಂದು ನಿಂತಿದ್ದ ಜಾಗದಲ್ಲೇ. ನಾನು ಅಲ್ಲೇ ಮಕ್ಕಳ ಪುಸ್ತಕದ ವಿಭಾಗದ ಪುಟ್ಟ ಕುರ್ಚಿಯ ಮೇಲೆ ಕೂತೆ. ಅಣ್ಣ ಹೇಳಿದ್ದು ಸರಿಯಾಗಿತ್ತು.

ಇನ್ನೊಂದು ಸತ್ಯವನ್ನೂ ಹೇಳಿಬಿಡಬೇಕು, ದೂರು ಕೊಡುವವಳಿಗೆ ಪ್ರಾಮಾಣಿಕತೆ ಮುಖ್ಯ. ಸರಿಯಾದ ವೇಗದಲ್ಲಿ ಆ ಹಾಡು ನನಗೆ ಸಪ್ಪೆಯಾಗಿ ಕೇಳಿತು. ಒಳ್ಳೆಯ ಹಾಡೇ, ಆದರೆ ಹದಿನಾಲ್ಕು ವರ್ಷದ ಹುಡುಗಿಯನ್ನು ಕುರ್ಚಿಯಿಂದ ಎಬ್ಬಿಸಿ, ಬೆರಳು ಸಿಪ್ಪೆ ಸುಲಿಯುವ ತನಕ ತಂತಿ ಒತ್ತಿಸುವಂಥದ್ದಲ್ಲ. ನನ್ನನ್ನು ಎಬ್ಬಿಸಿದ್ದು ತಾವು ಅವಸರಪಡಿಸಿದ ಹಾಡು. ಆ ತಪ್ಪಿಲ್ಲದಿದ್ದರೆ ನಾನು ಗಿಟಾರನ್ನೇ ಮುಟ್ಟುತ್ತಿರಲಿಲ್ಲವೇನೋ. ಇದನ್ನು ತಾವು ಹೊಗಳಿಕೆ ಎಂದು ತಿಳಿದು ಬೀಗಬಾರದಾಗಿ ವಿನಂತಿ.

ಅಣ್ಣನಿಗೆ ಫೋನು ಮಾಡಿ "ನೀನೇ ಸರಿ" ಎನ್ನಬೇಕಿತ್ತು. ಮೂರು ಸಲ ನಂಬರು ಒತ್ತಿ ಮೂರು ಸಲವೂ ಹವಾಮಾನ ಕೇಳಿ ಇಟ್ಟೆ. ಕೊನೆಗೆ ನಾನೂ ಒಂದು ಶ್ರುತಿ ಯಂತ್ರ ಕೊಂಡು, ಆರೂ ತಂತಿಗಳನ್ನು ಲೋಕದ ಶ್ರುತಿಗೆ ಇಳಿಸಿ, ಬಾಯಿಗೆ ಬಾರದ ಕ್ಷಮೆಯನ್ನು ಗಿಟಾರೇ ಕೇಳಲಿ ಎಂದುಕೊಂಡೆ.

ಕಳೆದ ಶನಿವಾರ ಪೋಲಿಷ್ ಕ್ಲಬ್ಬಿನಲ್ಲಿ, ಪದ್ಧತಿಯಂತೆ ಊಟವಾದ ಮೇಲೆ, ಇಬ್ಬರೂ ಕುರ್ಚಿ ಎಳೆದುಕೊಂಡು ಕೂತೆವು. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಳೆಯ ಹಾಡು, ಎರಡೂ ಒಟ್ಟಿಗೆ ಶುರುವಾಗಬೇಕಾದದ್ದು. ಶುರು ಮಾಡಿದೆವು. ಮತ್ತೆ ಅದೇ ಎತ್ತು, ಅದೇ ಕೋಣ. ಆದರೆ ಈ ಸಲ ಕೆಳಗಿದ್ದವಳು ನಾನು, ಮೇಲಿದ್ದವನು ಅವನು. ಅವನು ನನ್ನ ಗಿಟಾರಿನ ತಲೆಗೆ ಸಿಕ್ಕಿಸಿದ್ದ ಯಂತ್ರವನ್ನು ನೋಡಿದ. "ಇದ್ಯಾವಾಗಿಂದ?" ಎಂದ. "ನೀನ್ಯಾಕೆ ಮೇಲೆ ಹೋದೆ?" ಎಂದೆ. "ಅಮ್ಮನಿಗೆ ತೊಂಬತ್ತು. ಊರಿನ ಶ್ರುತಿಗೇ ಬರೋಣ ಅಂತ ಬಂದೆ" ಎಂದ. ಯಂತ್ರವಿಲ್ಲದೆ ಅದನ್ನು ಹೇಗೆ ಹಿಡಿದೆ ಎಂದು ಕೇಳಿದ್ದಕ್ಕೆ, "ಎಲ್ಲಿಗೆ ಹೋಗುತ್ತೆ, ಕಿವಿಲೇ ಇತ್ತು" ಎಂದ. ಆಗ ನಾನು ಟೇಪಿನ ಕಥೆ ಹೇಳಿದೆ. "ನೀನೇ ಸರಿ" ಎಂಬ ಮಾತು ಅದರ ಹಿಂದೆಯೇ ಬಂತು, ಅಂಥ ಕಷ್ಟವೇನೂ ಆಗಲಿಲ್ಲ.

ಆಮೇಲೆ ಇಬ್ಬರೂ ಒಂದೇ ಸಲ ಬಿರಡೆಗೆ ಕೈ ಹಾಕಿದೆವು. ನಾನು ಅವನಿಗಾಗಿ ಏರಿಸಿದೆ, ಅವನು ನನಗಾಗಿ ಇಳಿಸಿದ. ಮೀಟಿದರೆ ಮತ್ತೆ ಅದೇ ಜಗಳ, ಬದಿ ಮಾತ್ರ ಅದಲುಬದಲು. ಇನ್ನೊಂದು ಸಲ ತಿರುಗಿಸಿದೆವು, ಮತ್ತೆ ದಾಟಿಹೋದೆವು. ಇಡೀ ಕ್ಲಬ್ಬು ಹೊಟ್ಟೆ ಹಿಡಿದು ನಗುತ್ತಿದ್ದಾಗ ಅಮ್ಮ ಕೋಲಿನಿಂದ ನೆಲ ಕುಟ್ಟಿ, "ಒಬ್ರು ಸುಮ್ನಿರಿ, ಒಬ್ರು ತಿರುಗ್ಸಿ. ಇಷ್ಟು ವರ್ಷ ಆಗ್ದೇ ಇದ್ದಿದ್ದು ಇಷ್ಟೇನೇ" ಎಂದಳು.

ನಾನು ಸುಮ್ಮನಿದ್ದೆ. ಜೀವನದಲ್ಲಿ ಮೊದಲ ಸಲ ಇರಬೇಕು.

ಆದಕಾರಣ ಮಾನ್ಯರಲ್ಲಿ ನನ್ನ ಪ್ರಾರ್ಥನೆ: ತಾವು ಗಾಜಿನ ಪೆಟ್ಟಿಗೆಯಿಂದ ಇಳಿದು ಮೆಥಡಿಸ್ಟ್ ಚರ್ಚಿಗೆ ನಡೆದುಹೋಗಿ ಆ ಪಿಯಾನೊದ ಮುಂದೆ, ಮೊಣಕಾಲಿಲ್ಲದಿದ್ದರೂ, ಮೊಣಕಾಲೂರಬೇಕು, ದಾರಿಯಲ್ಲಿ ಸ್ಟ್ಯಾನ್ ಮಾವನ ಸಮಾಧಿಯ ಬಳಿ ಒಂದು ಪೋಲ್ಕಾವನ್ನು ಸರಿಯಾದ ವೇಗದಲ್ಲಿ ನುಡಿಸಬೇಕು, ಆಮೇಲೆ ಒಂದೇ ಒಂದು ಸಲ ಹಿಂದಕ್ಕೆ, ಎಂಬತ್ತೊಂಬತ್ತರ ಆಗಸ್ಟಿನವರೆಗೆ ತಿರುಗಬೇಕು. ಇದು ಆಗದಿದ್ದಲ್ಲಿ ಅಪ್ಪನ ಮಣ್ಣಿನ ದಿನದವರೆಗಾದರೂ ತಿರುಗಿ, ನಮಗೆ ಅಷ್ಟೇ ಸಾಕು. ಇನ್ನು, ನಾರ್ಮ್ ತಮ್ಮ ಟೇಪನ್ನು ಮತ್ತೆ ಸುತ್ತಿಟ್ಟಿದ್ದಾರೆ. ಅದನ್ನು ತೆಗೆದು ತಮ್ಮನ್ನು ಸರಿಪಡಿಸಬೇಕೇ ಎಂದು ಗ್ರಂಥಾಲಯ ಸಮಿತಿ ಮಂಗಳವಾರ ಮತ ಹಾಕಲಿದೆ. ಬೇಡ ಎಂದು ಕೈಯೆತ್ತಲು ನಾನು ಮೊದಲ ಸಾಲಿನಲ್ಲೇ ಕೂರುತ್ತೇನೆ.

ತಮ್ಮನ್ನು ಅಳತೆ ಮೀರಿ ನಂಬಿದ,
ತಮ್ಮ ವಿಶ್ವಾಸಿ,
ಡೋರೀನ್ ಕುಬಿಯಾಕ್

ಮರೆತ ಮಾತು: ಅಂದು ನಾನು ಸುಮ್ಮನಾದಾಗ ನನ್ನ ತಂತಿ ಎಲ್ಲೋ ಅರ್ಧ ದಾರಿಯಲ್ಲಿತ್ತು, ಲಿಯಾನ್ ಅಲ್ಲಿಗೇ ಬಂದು ಕೂಡಿಕೊಂಡ. ನಾರ್ಮ್ ಯಂತ್ರ ಹಿಡಿದು ನೋಡಿ, ಈ ಶ್ರುತಿ ಊರಿನದೂ ಅಲ್ಲ, ಲೋಕದ್ದೂ ಅಲ್ಲ, ಯಾವ ಪಿಯಾನೊಗೂ ಯಾವ ರೆಕಾರ್ಡಿಗೂ ಹೊಂದುವುದಿಲ್ಲ ಎಂದರು. ಮುಂದಿನ ಶನಿವಾರ ಎರಡು ಗಂಟೆಗೆ ಅಣ್ಣ ಮತ್ತೆ ಬರುತ್ತಿದ್ದಾನೆ, ಅಡುಗೆಮನೆಯ ಮೇಜು ಒರೆಸಿಟ್ಟಿದ್ದೇನೆ. ಶ್ರುತಿಗಾಗಿ ಇನ್ನು ತಮಗೆ ತೊಂದರೆ ಕೊಡುವುದಿಲ್ಲ, ಕೂತಲ್ಲೇ ಕೂತಿರಿ.