ಕಬ್ಬಿನ ಪಾಳಿಯಲ್ಲಿ ಹೆವಿ ಮೆಟಲ್

ಒಂದು ವಯಸ್ಸು ದಾಟಿದ ಮೇಲೆ ಮನುಷ್ಯ ಕೆಲವು ಚಟಗಳನ್ನು ಮುಚ್ಚಿಟ್ಟುಕೊಳ್ಳಬೇಕಾಗುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ತಂಬಾಕನ್ನು ಕನ್ನಡಕದ ಡಬ್ಬಿಯಲ್ಲಿ ಇಡುತ್ತಾರೆ. ನಾನು ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತವನ್ನು ಕಿವಿಯಲ್ಲಿ ಇಟ್ಟುಕೊಂಡಿದ್ದೇನೆ. ಗೋಕಾಕದಿಂದ ಹುಕ್ಕೇರಿಗೆ ದಿನಾ ಬಸ್ಸಿನಲ್ಲಿ ಹೋಗಿ ಕಾಲೇಜಿನಲ್ಲಿ ಇತಿಹಾಸ ಹೇಳುವವನು ನಾನು. ತಲೆ ಅರ್ಧ ನರೆತಿದೆ, ಇನ್ನರ್ಧ ಉದುರಿದೆ. ಇಂಥವನು ಕಿಟಕಿ ಪಕ್ಕದಲ್ಲಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದರೆ ಜನ ವಚನ ಕೇಳುತ್ತಿದ್ದಾನೆಂದೇ ತಿಳಿಯುತ್ತಾರೆ. ಪಕ್ಕದವರು ಭಕ್ತಿಯಿಂದ ಕಾಲು ಮಡಚಿ ಜಾಗ ಕೊಡುತ್ತಾರೆ. ನಾನೂ ಅವರನ್ನು ತಿದ್ದಲು ಹೋಗುವುದಿಲ್ಲ.

ಈ ವರ್ಷ ಮೂರು ಹೊಸ ಆಲ್ಬಂ ಬಂದವು. ಮೊದಲನೆಯದು ಮುದುಕರ ತಂಡದ್ದು. ಗಿಟಾರಿನವನ ಬೆರಳು ಇನ್ನೂ ಚುರುಕಾಗಿದೆ. ಹಾಡುವವನು ಮಾತ್ರ ಏರುದನಿಯ ಜಾಗ ಬಂದಾಗ, ಮೊಣಕಾಲು ನೋವಿನವರು ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡಿದಂತೆ ಒಂದು ಗಳಿಗೆ ತಡೆದು, ಪಕ್ಕದ ಸಪಾಟು ದಾರಿ ಹಿಡಿಯುತ್ತಾನೆ. ಎರಡನೆಯದು ಯಾವುದೋ ಹಿಮದ ದೇಶದ ಹುಡುಗರದು. ಮೊದಲಿನಿಂದ ಕೊನೆಯವರೆಗೆ ಕತ್ತಲು, ಚಳಿ, ಸಾವು. ಘಟಪ್ರಭಾದ ಬಿಸಿಲಿನಲ್ಲಿ ಬೆವರೊರೆಸಿಕೊಳ್ಳುತ್ತ ಕೇಳಿದೆ, ಚಳಿ ಹತ್ತಲಿಲ್ಲ. ಗಾಯಕ ಹೊಟ್ಟೆಯ ತಳದಿಂದ ಗುರುಗುಡುತ್ತಾನೆ, ಪದಗಳು ತಿಳಿಯುವುದಿಲ್ಲ. ತಿಳಿದ ಎರಡು ಪದ ಕೇಳಿದ ಮೇಲೆ ಉಳಿದವು ತಿಳಿಯದಿರುವುದೇ ಕ್ಷೇಮ ಅನ್ನಿಸಿತು. ಮೂರನೆಯದು ಈಶಾನ್ಯದ ಬೆಟ್ಟಗಳ ಕಡೆಯ ಮೂವರು ಹುಡುಗಿಯರದು. ಡ್ರಮ್ಮಿನವಳು ಎರಡೂ ಕಾಲಿನಿಂದ ಬಡಿಯುತ್ತಾಳಂತೆ. ಬಸ್ಸಿನ ಕಿಟಕಿಯ ಗಾಜು ಅದಕ್ಕಿಂತ ಜೋರಾಗಿ ಬಡಿಯುತ್ತಿದ್ದುದರಿಂದ ಯಾವುದು ಯಾರದೆಂದು ಖಚಿತವಾಗಲಿಲ್ಲ. ದಿನಚರಿಯಲ್ಲಿ ಮೂರಕ್ಕೂ ಒಂದೇ ಷರಾ ಬರೆದೆ: ‘ಪರವಾಗಿಲ್ಲ. ಹಳೆಯದರ ತೂಕ ಇಲ್ಲ.’

ಹಳೆಯದು ಎಂದರೆ ಧಾರವಾಡದ ಹಾಸ್ಟೆಲಿನಲ್ಲಿ ಕೇಳಿದ್ದು. ನಕಲಿನ ನಕಲು ಮಾಡಿದ ಒಂದು ಕ್ಯಾಸೆಟ್ಟು, ನನ್ನ ರೂಮಿನ ಜೊತೆಗಾರನ ಒಂದು ಟೇಪ್ ರೆಕಾರ್ಡರು. ಆ ರೆಕಾರ್ಡರಿನ ಮೇಲೆ ಇಡೀ ಹಾಸ್ಟೆಲು ನಗುತ್ತಿತ್ತು. ಅದರಲ್ಲಿ ಹೆಣ್ಣುಮಕ್ಕಳ ಹಾಡು ಹಾಕಿದರೆ ಗಂಡಸರ ದನಿ ಬರುತ್ತಿತ್ತು. ಆದರೆ ನಮ್ಮ ಆ ಕ್ಯಾಸೆಟ್ಟು ಹಾಕಿದಾಗ ಯಾರೂ ನಗುತ್ತಿರಲಿಲ್ಲ. ಆನೆ ಅಂಬಾರಿ ಹೊತ್ತು ಬಂದಂತೆ ಒಂದೊಂದೇ ಪೆಟ್ಟು ಬೀಳುತ್ತಿತ್ತು. ಕಡೆಗೊಂದು ದಿನ ರೆಕಾರ್ಡರು ಆ ಕ್ಯಾಸೆಟ್ಟನ್ನೇ ನುಂಗಿತು. ಮೊಬೈಲಿನಲ್ಲಿ ಎಲ್ಲವೂ ಸಿಗುವ ಕಾಲ ಬಂದರೂ ನಾನು ಅದನ್ನು ಮತ್ತೆ ಕೇಳಲಿಲ್ಲ. ಜಗುಲಿಯ ಮೇಲಿನ ದೇವರನ್ನು ಯಾರೂ ಎತ್ತಿ ತೂಗಿ ನೋಡುವುದಿಲ್ಲವಲ್ಲ.

ತೂಕದ ಈ ಮಾತನ್ನು ನಾನು ಮನೆಯಲ್ಲೂ ಆಡುತ್ತಿದ್ದೆ. ಮೊನ್ನೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಶೈಲಾ ಕೈ ನಿಲ್ಲಿಸದೆ ಹೇಳಿದಳು: “ನಿಮಗ ಹಾಡ ಬೇಕಾಗಿಲ್ಲರಿ. ಹಾಸ್ಟೆಲಿನ್ಯಾಗಿನ ಆ ತೆಳ್ಳನ ಹುಡುಗ ಬೇಕಾಗ್ಯಾನ. ಅಂವಾ ಇನ್ನ ಬರಂಗಿಲ್ಲ ಬಿಡ್ರಿ. ನೀವರ ಊಟಕ್ಕ ಬರ್ರಿ.”

ಊಟಕ್ಕೆ ಹೋದೆ, ರೊಟ್ಟಿ ಮುರಿಯುತ್ತ ಆ ಮಾತನ್ನೇ ತಿರುವಿ ಹಾಕಿದೆ. ಸಾಕ್ಷ್ಯವಿಲ್ಲದ ಮಾತನ್ನು ನಂಬಬೇಡಿ, ಅದರಲ್ಲೂ ‘ನಮ್ಮ ಕಾಲದಲ್ಲಿ’ ಎಂದು ಶುರುವಾಗುವುದನ್ನು ನಂಬಲೇಬೇಡಿ ಎಂದು ಹುಡುಗರಿಗೆ ಹೇಳಿ ಪಗಾರ ಎಣಿಸುವವನು ನಾನು. ಇಷ್ಟು ವರ್ಷ ನಾನು ಪ್ರೀತಿಸಿದ್ದು ಸಂಗೀತವನ್ನೋ, ಅಥವಾ ನನ್ನ ಇಪ್ಪತ್ತನೆಯ ವಯಸ್ಸನ್ನೋ? ಇದನ್ನು ತೀರ್ಮಾನಿಸದೆ ಬಿಡಬಾರದೆಂದು ಹಟ ಹಿಡಿದೆ. ಹಳೆಯದನ್ನೂ ಹೊಸದನ್ನೂ ಬೆರೆಸಿ, ಹೆಸರು ನೋಡದೆ, ಒಳ್ಳೆಯ ಸ್ಪೀಕರಿನಲ್ಲಿ, ಪೂರ್ತಿ ದನಿಯಲ್ಲಿ ಕೇಳಬೇಕು. ಹಳೆಯದು ಎದೆಗೆ ತಾಗಿದರೆ ನಾನು ಗೆದ್ದೆ, ಇಲ್ಲವಾದರೆ ಶೈಲಾ ಗೆದ್ದಳು.

ಪೂರ್ತಿ ದನಿಗೆ ಜಾಗ ಎಲ್ಲಿದೆ? ಮನೆಯಲ್ಲಿ ಹಾಕಿದರೆ ಓಣಿಯವರು ಪೊಲೀಸರಿಗಿಂತ ಮೊದಲು ವೈದ್ಯರನ್ನು ಕರೆಯುತ್ತಾರೆ. ಆಗ ನೆನಪಾದವನು ಶೈಲಾಳ ತಮ್ಮ, ಕುಲಗೋಡದ ಸಿದ್ದು. ಕಬ್ಬು ಹೊರುವ ಅವನ ಟ್ರ್ಯಾಕ್ಟರಿನ ಸೀಟಿನ ಹಿಂದೆ ಎರಡು ಸ್ಪೀಕರುಗಳಿವೆ. ನಮ್ಮ ಭಾಗದಲ್ಲಿ ಟ್ರ್ಯಾಕ್ಟರಿಗೆ ಬ್ರೇಕು ಇಲ್ಲದಿದ್ದರೂ ನಡೆಯುತ್ತದೆ, ಸ್ಪೀಕರು ಇಲ್ಲದಿದ್ದರೆ ನಡೆಯುವುದಿಲ್ಲ. ಫೋನು ಮಾಡಿದೆ.

“ಫ್ಯಾಕ್ಟರಿ ಪಾಳಿಗಿ ಬಂದಬಿಡ್ರಿ ಮಾಮಾ,” ಎಂದ. “ಅಲ್ಲಿ ಹೊತ್ತ ಹೋಗಂಗಿಲ್ಲ, ನಿಮ್ಮ ಹಾಡರ ಕೇಳೂಣು.”

ರವಿವಾರ ಹೋದೆ. ಸಕ್ಕರೆ ಕಾರ್ಖಾನೆಯ ಗೇಟಿನಿಂದ ರಸ್ತೆಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಪಾಳಿ ಹಚ್ಚಿ ನಿಂತಿದ್ದವು. ನಾನು ಮಡ್‌ಗಾರ್ಡಿನ ಮೇಲೆ ಕುಳಿತು ಕಣ್ಣು ಮುಚ್ಚಿದೆ. ಹಳೆಯದೂ ಸೇರಿ ನಾಲ್ಕೂ ಆಲ್ಬಂ ಇದ್ದ ನನ್ನ ಮೊಬೈಲು ಸಿದ್ದುವಿನ ಕೈಯಲ್ಲಿ. ಶುರುವಿನ ಭಾಗ ಕೇಳಿ ಗುರುತು ಹಿಡಿಯಬಾರದೆಂದು ಪ್ರತಿ ಹಾಡನ್ನೂ ನಡುವಿನಿಂದ ಹಾಕಬೇಕೆಂದು ಮೊದಲೇ ಹೇಳಿದ್ದೆ.

ಮೊದಲು ಬಂದದ್ದು ಹಿಮದ ಹುಡುಗರು. ಗಾಯಕ ಗುರುಗುಟ್ಟಿದ್ದೇ ತಡ, ಹಿಂದಿನ ಟ್ರ್ಯಾಕ್ಟರಿನ ಹಣಮಂತ ಕಾಕಾ ಟವೆಲ್ಲು ಬೀಸುತ್ತ ಓಡಿ ಬಂದರು.

“ಏ ಸಿದ್ಯಾ, ಬಂದ್ ಮಾಡೋ! ಬೇರಿಂಗ್ ಹೋತೋ!”

ಸಿದ್ದು ಹಾಡು ನಿಲ್ಲಿಸಿದ. ಬಾನೆಟ್ಟಿಗೆ ಕಿವಿ ಹಚ್ಚಿ ನಿಂತಿದ್ದ ಕಾಕಾ, “ಈಗ ಬರೊಬ್ಬರಿ ಆತ ನೋಡ,” ಎಂದರು.

“ಕಾಕಾ, ಅದು ಇಂಜಿನ್ ಅಲ್ಲೋ. ನಮ್ಮ ಮಾಮಾನ ಹಾಡ.”

ಕಾಕಾ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. “ಮಾಸ್ತರ್ರ, ಇಂವಾ ಯಾರ ಮ್ಯಾಲ ಇಷ್ಟ ಸಿಟ್ಟಿಗೆದ್ದಾನ್ರಿ?”

“ಎಲ್ಲಾರ ಮ್ಯಾಲೂ, ಕಾಕಾ.”

“ಹೊಲದ ತಂಟೆ ಇರಬೇಕು ಬಿಡ್ರಿ,” ಎಂದು ಅವರೂ ಕಬ್ಬಿನ ಗಳ ಮುರಿದುಕೊಂಡು ಅಲ್ಲೇ ಕುಳಿತರು.

ನಾನು ಮತ್ತೆ ಕಣ್ಣು ಮುಚ್ಚಿದೆ, ಮೂವರು ಹುಡುಗಿಯರು ಬಂದರು. ಬಸ್ಸಿನಲ್ಲಿ ಕಿಟಕಿ ಗಾಜಿನ ಪಾಲಾಗಿದ್ದ ಆ ಡ್ರಮ್ಮು ಇಲ್ಲಿ ಮಡ್‌ಗಾರ್ಡಿನಿಂದಲೇ ಏರಿ ಬೆನ್ನುಹುರಿಗೆ ಬಡಿಯಿತು. ಬಾರಿಸುವವಳು ಹೆಣ್ಣುಮಗಳು ಎಂದು ನಾನು ಹೇಳಿದಾಗ ಕಾಕಾ ಅಗಿಯುವುದನ್ನು ನಿಲ್ಲಿಸಿದರು. “ಕಸುವ ಐತಿ ನೋಡ್ರಿ ಆಕೀಗಿ! ನಮ್ಮ ಕರಡಿ ಮಜಲ ಬಾರಸವ್ರ ಬಾಜೂಕ ನಿಂದ್ರಸಬೇಕು.” ಅದು ಹೊಸದೆಂದು ಗುರುತಿಸಿದೆ, ಸರಿ ಇತ್ತು. ದಿನಚರಿಯ ‘ಪರವಾಗಿಲ್ಲ’ ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

ಮೂರನೆಯದು ಶುರುವಾದೊಡನೆ ನನಗೆ ರೇಗಿತು. ಗಡಬಡಿಸಿ ಓಡುವ ಗಿಟಾರು, ಹಿಂದೆ ನಾಯಿ ಬೆನ್ನಟ್ಟಿದಂಥ ಹಾಡುಗಾರ. ಕಣ್ಣು ಮುಚ್ಚಿಕೊಂಡೇ ಪಾಠ ಶುರು ಮಾಡಿದೆ. “ಇದ ನೋಡ ಸಿದ್ದು, ಈಗಿನವರ ರೋಗ. ಎಲ್ಲಾದಕ್ಕೂ ಅವಸರ. ತೂಕ ಇಲ್ಲ, ಗಾಂಭೀರ್ಯ ಇಲ್ಲ. ನಮ್ಮ ಕಾಲದಾಗ...”

ಸಿದ್ದು ಹಾಡು ನಿಲ್ಲಿಸಿದ. “ಮಾಮಾ, ಕಣ್ಣ ತಗೀರಿ.”

ಮೊಬೈಲಿನಲ್ಲಿ ಇದ್ದದ್ದು ಅದೇ, ಧಾರವಾಡದ ಆಲ್ಬಂ.

“ಇದಲ್ಲ,” ಎಂದೆ. “ನಮ್ಮದು ಸಾವಕಾಶ ಇತ್ತು. ಆನೆ ಬಂದಂಗ ಬರತಿತ್ತು.” ಆ ಮಾತು ಬಾಯಿಯಿಂದ ಹೊರಬಿದ್ದ ಕ್ಷಣದಲ್ಲೇ, ಹಾಸ್ಟೆಲಿನ ಆ ರೆಕಾರ್ಡರಿನಲ್ಲಿ ಗಂಡಸರ ದನಿಯಲ್ಲಿ ಹಾಡುತ್ತಿದ್ದ ಎಲ್ಲ ಹೆಣ್ಣುಮಕ್ಕಳೂ ಒಟ್ಟಿಗೆ ನೆನಪಾದರು. ಅದರೊಳಗೆ ಟೇಪು ತಿರುಗಿಸುವ ಬೆಲ್ಟು ಸಡಿಲಾಗಿತ್ತು. ಎಲ್ಲ ಹಾಡನ್ನೂ ಎಳೆದೆಳೆದು, ದನಿ ದಪ್ಪ ಮಾಡಿ ಹಾಡಿಸುತ್ತಿತ್ತು. ಅವರ ಹಾಡಿಗೆ ನಕ್ಕ ನಾವು ನಮ್ಮ ಹಾಡಿಗೆ ತಲೆಬಾಗಿದ್ದೆವು. ಕಾಲು ಶತಮಾನ ನಾನು ಕೊಂಡಾಡಿದ ಆ ತೂಕ ತಂಡದ್ದಾಗಿರಲಿಲ್ಲ, ಬೆಲ್ಟಿನದಾಗಿತ್ತು.

ಸಿದ್ದು ಸುಮ್ಮನಿರಲಿಲ್ಲ. ಮೊಬೈಲಿನಲ್ಲಿ ವೇಗ ಇಳಿಸುವ ಗುಂಡಿಯೊಂದನ್ನು ಒತ್ತಿ ಮತ್ತೆ ಹಾಕಿದ. ಆನೆ ಬಂತು. ಅಂಬಾರಿ ಸಮೇತ ಬಂತು.

“ಹಾಂ,” ಎಂದರು ಕಾಕಾ, “ಈಗ ನೋಡ್ರಿ ಭಜನಿ ಆದಂಗ ಆತು.”

“ಅಳಾಕತ್ತೀರೇನ್ರಿ ಮಾಮಾ?”

“ಕಬ್ಬಿನ ಧೂಳಪಾ,” ಎಂದೆ. ಅಷ್ಟರಲ್ಲಿ ಪಾಳಿ ಮುಂದೆ ಸರಿಯಿತು.

ಮನೆಗೆ ಬಂದಾಗ ಶೈಲಾ, “ಏನಾತ್ರಿ ಪರೀಕ್ಷಾ?” ಎಂದಳು. ಒಂದನ್ನೂ ಬಿಡದೆ ಹೇಳಿದೆ. ನಗುತ್ತಾಳೆಂದುಕೊಂಡರೆ, ನನ್ನ ಹೊಟ್ಟೆಯ ಕಡೆ ನೋಡುತ್ತ ಯೋಚಿಸಿದಳು. “ಅಂದ್ರ, ಆ ಹುಡುಗನೂ ಅಷ್ಟೇನ ತೆಳ್ಳಗ ಇದ್ದಿರಾಕಿಲ್ಲ ಬಿಡ್ರಿ.”

ದಿನಚರಿಯನ್ನು ತಿದ್ದಿದೆ. ಮೂವರು ಹುಡುಗಿಯರದು ಉತ್ತಮ, ಮುದುಕರದು ಮರ್ಯಾದೆಗೆ ಒಮ್ಮೆ ಕೇಳಬಹುದು, ಹಿಮದವರದನ್ನು ಇಂಜಿನ್ ಬಂದ್ ಇದ್ದಾಗ ಮಾತ್ರ ಕೇಳಬೇಕು. ಇವುಗಳ ಕೆಳಗೆ ಈ ವರ್ಷದ ನಾಲ್ಕನೆಯ ಹೊಸ ಆಲ್ಬಂ ಎಂದು ಧಾರವಾಡದ್ದನ್ನೂ ಸೇರಿಸಿದೆ. ನಿಜವಾಗಿ ನೋಡಿದರೆ ಅದನ್ನು ನಾನು ಕೇಳಿದ್ದು ಇದೇ ಮೊದಲು. ಇನ್ನು ಮೇಲೆ ಅದನ್ನು ಅದರ ಸ್ವಂತ ವೇಗದಲ್ಲೇ ಕೇಳುತ್ತೇನೆ, ಇತಿಹಾಸದವನಿಗೆ ಅದೇ ಧರ್ಮ ಎಂದು ಅಡಿಗೆರೆ ಎಳೆದು ಬರೆದೆ.

ಮರುದಿನ ಬಸ್ಸಿನಲ್ಲಿ ಹಲ್ಲು ಕಚ್ಚಿ ಹಾಗೆಯೇ ಕೇಳಿದೆ. ಘಟಪ್ರಭಾ ದಾಟುವವರೆಗೂ ಕೇಳಿದೆ. ಆಮೇಲೆ ಬೆರಳು ತಾನಾಗಿಯೇ ಸಿದ್ದು ತೋರಿಸಿದ ಗುಂಡಿಯ ಮೇಲೆ ಹೋಯಿತು. ಕಣ್ಣು ಮುಚ್ಚಿದವು, ತಲೆ ಮೆಲ್ಲಗೆ ತೂಗತೊಡಗಿತು. ಪಕ್ಕದ ಅಜ್ಜ ಭಕ್ತಿಯಿಂದ ಕಾಲು ಮಡಚಿ ಜಾಗ ಕೊಟ್ಟರು.