ದಾಟಬಾರದ ನಿಂಬೆಹಣ್ಣು

ಬೇರುಸಹಿತ ಕಿತ್ತು ತಲೆಕೆಳಗಾಗಿ ತೂಗುಹಾಕಿದ ಲೋಳೆಸರ ಸಾಯುವುದಿಲ್ಲ. ಕೆಲವು ದಿನ ಸುಮ್ಮನಿದ್ದು, ಆಮೇಲೆ ಎಲೆಗಳ ತುದಿಯನ್ನು ಒಂದೊಂದಾಗಿ ಮೇಲಕ್ಕೆ ಬಾಗಿಸತೊಡಗುತ್ತದೆ. ನಮ್ಮ ಆದವಾನಿಯಲ್ಲಿ ಅದನ್ನು ತೆಲುಗಿನ ಹೆಸರಿನಿಂದ ಕಲಬಂದ ಎನ್ನುತ್ತಾರೆ. ದೃಷ್ಟಿಯಾಗದಿರಲೆಂದು ಮನೆಯ ಬಾಗಿಲಿಗೂ ಅಂಗಡಿಯ ಮುಂದಕ್ಕೂ ಕಟ್ಟುತ್ತಾರೆ. ಹುಟ್ಟಿದಾಗಿನಿಂದ ಅದರ ಕೆಳಗೆ ಓಡಾಡಿದ ನಾನು ಅದು ತಲೆ ಎತ್ತುವುದನ್ನು ಗಮನಿಸಿದ್ದು ಮಾತ್ರ ಊರು ಬಿಟ್ಟು ಚಿತ್ರಕಲೆ ಓದಲು ಹೋಗಿ ರಜೆಗೆ ಮರಳಿದ ಮೇಲೆ. ಓದಿನಿಂದ ಏನು ಬಂತು ಎಂದು ಕೇಳುವವರಿಗೆ ನನ್ನ ಬಳಿ ಇರುವ ಉತ್ತರ ಇದೊಂದೇ. ಇದನ್ನೂ ಯಾರಿಗೂ ಹೇಳಿಲ್ಲ. ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು ಉಳಿದರ್ಧ ನುಂಗುವುದು ನನ್ನ ಹುಟ್ಟುಗುಣ. ಮಾತಿಗೆ ಕೂಡ ಒಂದು ಅಳತೆಯಿದೆ, ಹೆಚ್ಚಾದರೆ ಚೆಲ್ಲುತ್ತದೆ ಎಂದು ನಂಬಿದವಳು ನಾನು. ಕಡಿಮೆಯಾದರೆ ಏನಾಗುತ್ತದೆಂಬುದನ್ನು ಈರಮ್ಮ ಕಲಿಸಿದಳು.

ಕಾಲೇಜಿನ ಕೊನೆಯ ವರ್ಷದಲ್ಲಿ ನಮಗೆ ಒಂದು ಹೊಸ ಬಗೆಯ ಕೆಲಸ ಒಪ್ಪಿಸಿದ್ದರು. ಇನ್‌ಸ್ಟಾಲೇಶನ್ ಎಂಬ ಮಾತು ಆಗಷ್ಟೇ ನಮ್ಮ ಮೇಷ್ಟರ ಬಾಯಿಗೆ ಬಂದಿತ್ತು. ಚಿತ್ರವಲ್ಲ, ಮೂರ್ತಿಯೂ ಅಲ್ಲ; ಒಂದು ಜಾಗವನ್ನು ಆರಿಸಿಕೊಂಡು ಆ ಜಾಗಕ್ಕಾಗಿಯೇ ಏನನ್ನಾದರೂ ಜೋಡಿಸಿಡಬೇಕು. ಅದನ್ನು ಅಲ್ಲಿಂದ ಎತ್ತಿ ಬೇರೆಡೆ ಇಟ್ಟರೆ ಅದಕ್ಕೆ ಅರ್ಥವಿಲ್ಲ. ಪರೀಕ್ಷಕರೇ ಅಲ್ಲಿಗೆ ಬಂದು ನೋಡುತ್ತಾರೆ. ಪಾಸಾದರೆ ಅದೇ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಗುವುದಿತ್ತು. ಫೇಲಾದರೆ ಕರ್ನೂಲಿನಲ್ಲಿ ಬಿ.ಇಡಿ. ಎಂದು ಅಪ್ಪ ಮೊದಲೇ ಮಾತು ತೆಗೆದುಕೊಂಡಿದ್ದರು.

ಅಪ್ಪ ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಗುಮಾಸ್ತರು. ಸುಗ್ಗಿ ಶುರುವಾಗುವವರೆಗೆ ಖಾಲಿ ಬಿದ್ದಿರುವ ಹಳೇ ಗೋದಾಮನ್ನು ಮಾಲೀಕರನ್ನು ಕೇಳಿ ಕೊಡಿಸಿದರು. ಅದರ ತೊಲೆಗಳಿಂದ ಕಲಬಂದಗಳನ್ನು ಹತ್ತಿಯ ಹುರಿಯಲ್ಲಿ ತೂಗುಹಾಕಿದೆ. ನೆಲದ ಮೇಲೆ ಕಲ್ಲುಪ್ಪಿನ ಗೆರೆಗಳು, ಎಕ್ಕದ ಬೇರು, ಒಣಮೆಣಸಿನಕಾಯಿ, ಕುಂಕುಮ ಹಚ್ಚಿದ ನಿಂಬೆಹಣ್ಣು. ಹಳೆಯ ಹತ್ತಿಯ ನವಿರು ಗಾಳಿಗೆ ಎದ್ದು ಎಲ್ಲದರ ಮೇಲೂ ಕೂತು, ಗಿಡಗಳಿಗೆ ವಯಸ್ಸಾದಂತೆ ಕಾಣುತ್ತಿತ್ತು. ನನಗೆ ಅದು ಬಹಳ ಹಿಡಿಸಿತು. ಅಪ್ಪ ಒಮ್ಮೆ ಬಂದು, ಕೈ ಹಿಂದೆ ಕಟ್ಟಿಕೊಂಡು ಎಲ್ಲವನ್ನೂ ನೋಡಿ, "ನಿಂಬಿಹಣ್ಣು ಇಡಲಿಕ್ಕೆ ಅಷ್ಟು ದೂರ ಹೋಗಿ ಓದಬೇಕಾತೇನವಾ? ನಮ್ಮ ಬಜಾರದಾಗ ಓದದವ್ರೇ ಕಟ್ಟತಾರಲ್ಲ" ಅಂದರು. ನಾನು ಅದಕ್ಕೆ ಅರ್ಧ ಉತ್ತರವನ್ನೂ ಕೊಡಲಿಲ್ಲ.

ಗೋದಾಮಿನ ಕಸ ಗುಡಿಸುವ, ಕಾವಲೂ ಕಾಯುವ ಈರಮ್ಮ ಮಾತ್ರ ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದಳು.

"ಏನಮ್ಮಾಯಿ ಇದು?"

"ದೃಷ್ಟಿ" ಅಂದೆ. ನನ್ನ ಕೃತಿಗೆ ನಾನಿಟ್ಟ ಹೆಸರು ಅದು. ನೋಡುವುದೆಂದರೇನು, ನೋಡಿಸಿಕೊಳ್ಳುವುದಕ್ಕೆ ನಾವೇಕೆ ಅಂಜುತ್ತೇವೆ ಎಂಬ ಉಳಿದ ಭಾಗವನ್ನು ಎಂದಿನಂತೆ ನುಂಗಿದೆ.

"ಯಾರ್ದು?"

"ನಂದೇ."

ಅವಳ ಕೈ ಬಾಯಿಗೆ ಹೋಯಿತು. "ಇಷ್ಟೂ?"

"ಇಷ್ಟೂ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಎಷ್ಟು ದಿನ ಹಿಂಗ ಇಡ್ತಿ?"

"ಸೋಮವಾರ ಒಬ್ಬರು ನೋಡೋದಕ್ಕೆ ಬರ್ತಾರೆ. ಅಲ್ಲಿವರೆಗೆ."

"ಗಂಡಿನ ಕಡೆಯವ್ರಾ?"

"ಅಲ್ಲ, ಪರೀಕ್ಷೆ ಮಾಡೋರು."

"ಎರಡೂ ಒಂದೇ ಬಿಡು" ಎಂದು ಈರಮ್ಮ ನಿಟ್ಟುಸಿರು ಬಿಟ್ಟು ಹೋದಳು. ಅವಳ ಹಾಸ್ಯಪ್ರಜ್ಞೆಯನ್ನು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಸೋಮವಾರ ಅಪ್ಪನೂ ನಾನೂ ಸ್ಟೇಷನ್ನಿಗೆ ಹೋಗಿ ಪರೀಕ್ಷಕರನ್ನು ಇಳಿಸಿಕೊಂಡು, ಜಟಕಾದಲ್ಲಿ ಕಾರ್ಖಾನೆಗೆ ಬಂದೆವು. ಬಿಳಿ ಪೈಜಾಮದ, ಮಿತಭಾಷಿಯಾದ ಹಿರಿಯರು. ಗೋದಾಮಿನ ಬಾಗಿಲು ತೆರೆದಿತ್ತು. ಒಳಗೆ ಏನೂ ಇರಲಿಲ್ಲ. ತೊಲೆ ಖಾಲಿ. ನೆಲವನ್ನು ಸಗಣಿಯಿಂದ ಸಾರಿಸಿ, ನಡುವೆ ಸಣ್ಣದೊಂದು ರಂಗೋಲಿ ಹಾಕಿತ್ತು. ಈರಮ್ಮ ತಲೆಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿಕೊಂಡು ನಿಂತಿದ್ದಳು.

"ಎಲ್ಲಾ ಒಯ್ದು ಮೂರು ದಾರಿ ಕೂಡೋ ಕಡೆ ಹಾಕಿ ಬಂದೀನಿ ಅಮ್ಮಾಯಿ. ಹಿಂದಕ ತಿರುಗಿ ನೋಡಿಲ್ಲ ಮತ್ತ. ಧೈರ್ಯದಿಂದ ಇರು."

"ಏನ್ ಮಾಡಿಬಿಟ್ಟಿ ಈರಮ್ಮಾ!" ಎಂದು ಅಪ್ಪ ಕೂಗಿದರು. ಬಿ.ಇಡಿ.ಗೆ ಹತ್ತಿರವಾದ ಸಂತೋಷ ಆ ದನಿಯಲ್ಲಿ ಎಳ್ಳಷ್ಟೂ ಇರಲಿಲ್ಲ ಎಂಬುದು ನನಗೆ ಇವತ್ತಿಗೂ ಆಶ್ಚರ್ಯ. "ನಮ್ಮ ಹುಡುಗಿ ಊಟ ಬಿಟ್ಟು ಮಾಡಿದ್ದು ಅದು!"

"ಊಟ ಬಿಟ್ಟಿದ್ದಕ್ಕೇ ಒಯ್ದು ಹಾಕೀನಿ ಸ್ವಾಮಿ" ಎಂದಳು ಈರಮ್ಮ. "ಮಾತಿಲ್ಲ, ನಗಿಲ್ಲ, ಒಬ್ಬಾಕಿನ ಕುಂತು ದಿಷ್ಟಿ ತಗೀತಾಳ. ಯಾರ್ದು ಅಂದ್ರ ನಂದೇ ಅಂತಾಳ. ತನ್ನ ದಿಷ್ಟಿ ತಾನ ತಗದ್ರ ಹೋಗತೈತೇನು? ತಗದದ್ದು ಮನಿಯಾಗ ಇಟಗೊಂಡ್ರ ಬಿಡತೈತೇನು? ಹೆತ್ತವ್ರು ನೀವು ನೋಡ್ಲಿಲ್ಲ, ನಾ ನೋಡಿದೆ."

ಅಪ್ಪ ನನ್ನ ಮುಖ ನೋಡಿದರು. ನಾನು ರಂಗೋಲಿ ನೋಡಿದೆ. ಪರೀಕ್ಷಕರಿಗೆ ಅಪ್ಪ ಹರಕು ಹಿಂದಿಯಲ್ಲಿ ವಿಷಯ ಹೇಳಿದರು. ಅವರು ಎಲ್ಲ ಕೇಳಿಸಿಕೊಂಡು, "ಆ ಮೂರು ದಾರಿ ಎಲ್ಲಿದೆ?" ಎಂದರು.

ದೂರವೇನಿರಲಿಲ್ಲ. ಕಾರ್ಖಾನೆಯ ದಾರಿ, ಸ್ಟೇಷನ್ನಿನ ದಾರಿ, ಬಜಾರದ ದಾರಿ ಸೇರುವಲ್ಲಿ ನನ್ನ ಕೊನೆಯ ವರ್ಷ ರಾಶಿಯಾಗಿ ಬಿದ್ದಿತ್ತು. ಎತ್ತಿನ ಬಂಡಿಯವನು ಹಗ್ಗ ಜಗ್ಗಿ ಎತ್ತುಗಳನ್ನು ಅಂಚಿಗೆ ತಿರುಗಿಸಿದ. ಎಮ್ಮಿಗನೂರಿನ ಬಸ್ಸು ಬಂದು, ನಿಂತು, ಹಾರ್ನ್ ಮಾಡದೆ ಸುತ್ತಿ ಹೋಯಿತು. ಶಾಲೆಯ ಹುಡುಗಿಯರು ಲಂಗ ಎತ್ತಿ ಹಿಡಿದು, ಗೋಡೆಗೆ ಅಂಟಿಕೊಂಡು ಪಾರಾದರು. ಯಾರೂ ಅದರ ಕಡೆ ನೇರ ನೋಡಲಿಲ್ಲ. ಅದು ಎಲ್ಲಿದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಪರೀಕ್ಷಕರು ಬಹಳ ಹೊತ್ತು ನಿಂತರು. ಆಮೇಲೆ ನನ್ನತ್ತ ತಿರುಗಿ, "ಈ ಜಾಗ ಆರಿಸಿದ್ದು ಯಾರು? ನೀನೇನಾ?" ಎಂದು ಕೇಳಿದರು.

ಹೌದು ಎಂದರೆ ಸಾಕಿತ್ತು. ಉಳಿದದ್ದನ್ನು ನುಂಗುವ ಅಭ್ಯಾಸ ನನಗೆ ಇದ್ದೇ ಇತ್ತು. ಆದರೆ ರಸ್ತೆಯ ಆಚೆ ಒದ್ದೆ ಕೂದಲಿನ ಈರಮ್ಮ ನಿಂತಿದ್ದಳು. ಬೇರೆಯವರ ದೃಷ್ಟಿಯನ್ನು ಕೈಯಾರೆ ಹೊತ್ತೊಯ್ದು ಹಾಕುವ ಕೆಲಸಕ್ಕೆ ಯಾರೂ ಸುಲಭವಾಗಿ ಒಪ್ಪುವುದಿಲ್ಲ ಎಂಬುದು ಈ ಊರಲ್ಲಿ ಹುಟ್ಟಿದ ನನಗೆ ತಿಳಿದಿತ್ತು.

"ಗಿಡಗಳನ್ನು ಕಟ್ಟಿದ್ದು ನಾನು. ಜಾಗ ಅವಳದು" ಎಂದೆ. ಅರ್ಧ ನುಂಗದೆ ಕೊಟ್ಟ ಪೂರ್ತಿ ಉತ್ತರ ಅದು.

"ಹಾಗಾದರೆ ಕೃತಿಯ ಕೆಳಗೆ ಎರಡು ಹೆಸರು ಬರೆಯಬೇಕು" ಎಂದರು ಅವರು. "ಒಬ್ಬಳು ಪಾಸಾಗಿದ್ದಾಳೆ. ಇನ್ನೊಬ್ಬಳ ಹೆಸರೇನು?"

ಅಪ್ಪ ಇದನ್ನು ಈರಮ್ಮನಿಗೆ ಕೂಗಿ ಹೇಳಿದರು. ಅವಳು ಬೇಡವೇ ಬೇಡ ಎಂಬಂತೆ ಎರಡೂ ಕೈ ಆಡಿಸಿದಳು. "ವದ್ದು ಸಾಮಿ, ವದ್ದು! ನನ್ನ ಹೆಸರು ಬರದ್ರ ಅದು ನನಗ ಹತ್ತತೈತಿ. ಆ ಅಮ್ಮಾಯಿದೇ ಇರಲಿ. ಮತ್ತ ಆ ಸಾರಿಗೆ ಹೇಳ್ರಿ, ಅಡ್ಡ ಬರಬ್ಯಾಡ ಅಂತ, ಸುತ್ತಿ ಬರಲಿ!" ಪರೀಕ್ಷಕರು ಮಾತು ಅರ್ಥವಾಗದಿದ್ದರೂ ಕೈಸನ್ನೆಗೆ ವಿಧೇಯರಾಗಿ, ಬಿಳಿ ಪೈಜಾಮ ಎತ್ತಿ ಹಿಡಿದು ಮೋರಿಯ ಅಂಚಿನಿಂದ ಸುತ್ತಿ ಬಂದರು.

ಮರುದಿನ ಬೆಳಿಗ್ಗೆ, ಕಾಲೇಜಿಗೆ ಮರಳಲು ಪೆಟ್ಟಿಗೆ ಹಿಡಿದು ಸ್ಟೇಷನ್ನಿಗೆ ಒಬ್ಬಳೇ ನಡೆದೆ. ಮೂರು ದಾರಿ ಕೂಡುವಲ್ಲಿ ಕಲಬಂದಗಳನ್ನು ದನ ಎಳೆದಾಡಿದ್ದವು, ಉಪ್ಪು ಕರಗಿಹೋಗಿತ್ತು. ನಡುರಸ್ತೆಯಲ್ಲಿ ಒಂದು ನಿಂಬೆಹಣ್ಣು ಉಳಿದಿತ್ತು. ಬಜಾರದಲ್ಲಿ ನಾನೇ ಆರಿಸಿ ಕೊಂಡದ್ದು. ಕುಂಕುಮದಲ್ಲಿ ನನ್ನ ಹೆಬ್ಬೆರಳಿನ ಗುರುತು ಇನ್ನೂ ಕಾಣುತ್ತಿತ್ತು. ರೈಲಿಗೆ ಹೊತ್ತಾಗುತ್ತಿತ್ತು. ಆ ಕಡೆ ಈ ಕಡೆ ನೋಡಿದೆ, ಯಾರೂ ಇರಲಿಲ್ಲ. ಸೀರೆ ಎತ್ತಿ ಹಿಡಿದು, ಮೋರಿಯ ಅಂಚಿನಿಂದ ಸುತ್ತಿ ಹೋದೆ. ಸ್ಟೇಷನ್ ಬರುವವರೆಗೂ ಹಿಂದಕ್ಕೆ ತಿರುಗಿ ನೋಡಲಿಲ್ಲ.